ನೀಲಿ ನೀರಿಗೆ ಹುಳಿ ಹಿಂಡಿದ ಕಥೆ

ಮೈಸೂರು ಸೀಮೆಯ ಕರಕುಶಲ ಅಂಗಡಿಗಳಲ್ಲಿ ಹೊನ್ನೆ ಮರದ ಲೋಟ ಇಂದಿಗೂ ಸಿಗುತ್ತದೆ. ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದರ್ಶನ ಮಾಡಿ, ತಿರುಮಕೂಡಲಿನ ಸಂಗಮದಲ್ಲಿ ಮಿಂದು ಹೋಗುವ ದೂರದೂರಿನವರು ಒಂದೆರಡು ಕೊಂಡು ಚೀಲಕ್ಕೆ ಹಾಕಿಕೊಳ್ಳುವುದುಂಟು. ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಬರಿಹೊಟ್ಟೆಗೆ ಕುಡಿದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ ಎಂಬುದು ನಂಬಿಕೆ. ಲೋಟವನ್ನು ನಂಬಿ ಮಾತ್ರೆ ಬಿಟ್ಟವರ ಪಾಡೇನಾಯಿತೆಂದು ವೈದ್ಯರನ್ನು ಕೇಳಬೇಕು. ಇಲ್ಲಿ ನಮಗೆ ಬೇಕಾಗಿರುವುದು ಆ ನೀರಿನ ಗುಣವಲ್ಲ, ಬಣ್ಣ. ಅದನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಬಿಸಿಲಿಗೆ ಅಡ್ಡ ಹಿಡಿದರೆ ತೆಳು ಕಂದು ಕಾಣುತ್ತದೆ. ಬಿಸಿಲನ್ನು ಬೆನ್ನಿಗೆ ಹಾಕಿಕೊಂಡು ನೋಡಿದರೆ ಅದೇ ನೀರಿನ ಅಂಚಿನಲ್ಲಿ ನೀಲಿ ಹೊಳೆಯುತ್ತದೆ. ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿಕೊಂಡು ಕಾಣುವ ಬೆಳಕಾಗಿ ಹೊರಬಿಡುವ ಈ ಗುಣಕ್ಕೆ ವಿಜ್ಞಾನದ ಪುಸ್ತಕಗಳಲ್ಲಿ ಪ್ರತಿದೀಪ್ತಿ ಎಂದು ಹೆಸರು. ಜೀವಕೋಶದ ಒಳಗಿನ ಹುಳಿಯನ್ನು ಅಳೆಯುವ ವಿದ್ಯೆ ಬೆಳೆದು ಬಂದದ್ದು ಇಂಥದೇ ಒಂದು ಮರದ ನೀರಿನಿಂದ. ಅದರ ಒಂದು ಮುಖ್ಯ ತಿರುವು ಬೆಂಗಳೂರಿನಲ್ಲಿ ನಡೆಯಿತು.

ಮೊದಲ ದಾಖಲೆಗಳು ಮೆಕ್ಸಿಕೋದವು. ಸ್ಪೇನಿನ ಸೆವಿಲ್ ನಗರದ ವೈದ್ಯ ನಿಕೊಲಾಸ್ ಮೊನಾರ್ಡೆಸ್ ಅಮೆರಿಕ ಖಂಡದಿಂದ ಹಡಗಿನಲ್ಲಿ ಬರುತ್ತಿದ್ದ ಗಿಡಮೂಲಿಕೆಗಳ ಬಗ್ಗೆ 1565ರಲ್ಲಿ ಬರೆದ. ಮೂತ್ರಪಿಂಡದ ಕಾಯಿಲೆಗೆ ಕೊಡುತ್ತಿದ್ದ ಒಂದು ಮರದ ಚಕ್ಕೆಯನ್ನು ನೀರಿಗೆ ಹಾಕಿದರೆ ನೀರು ನೀಲಿ ತಿರುಗುತ್ತದೆ ಎಂದು ಅದರಲ್ಲಿ ಗುರುತಿಸಿದ್ದ. ಆ ಹೊತ್ತಿಗೆ ಮೆಕ್ಸಿಕೋದಲ್ಲೇ ಇದ್ದ ಪಾದ್ರಿ ಬರ್ನಾರ್ಡಿನೊ ದೆ ಸಹಗುನ್ ಅಲ್ಲಿನ ನಹುವಾ ಜನರಿಂದ ಕೇಳಿ ಇದೇ ಮರದ ವಿಷಯ ಬರೆದಿಟ್ಟಿದ್ದ. ಇಬ್ಬರಲ್ಲಿ ಯಾರು ಮೊದಲಿಗರು ಎಂಬ ಚರ್ಚೆ ವಿಜ್ಞಾನದ ಇತಿಹಾಸಕಾರರಲ್ಲಿ ಇದೆ. ನನ್ನ ಮಟ್ಟಿಗೆ ಮೊದಲಿಗರು ನಹುವಾ ವೈದ್ಯರು. ಚಕ್ಕೆ ಅಸಲಿಯೋ ನಕಲಿಯೋ ಎಂದು ತಿಳಿಯಲು ಆಗಿನ ವ್ಯಾಪಾರಿಗಳಿಗೂ ಆ ನೀಲಿಯೇ ಗುರುತಾಗಿತ್ತು.

1646ರಲ್ಲಿ ಅಥನೇಸಿಯಸ್ ಕಿರ್ಚರ್ ಎಂಬ ಜೆಸ್ಯೂಟ್ ವಿದ್ವಾಂಸ ಬೆಳಕು ಮತ್ತು ನೆರಳಿನ ಮೇಲೆ ದೊಡ್ಡ ಗ್ರಂಥ ಪ್ರಕಟಿಸಿದ. ಮೆಕ್ಸಿಕೋದಿಂದ ಬಂದ ಜೆಸ್ಯೂಟರು ಈ ಮರದಲ್ಲಿ ಕಡೆದ ಬಟ್ಟಲೊಂದನ್ನು ತನಗೆ ಕೊಟ್ಟಿದ್ದನ್ನೂ, ಅದರಲ್ಲಿ ಹಾಕಿದ ನೀರು ನಾನಾ ಬಣ್ಣ ತೋರಿದ್ದನ್ನೂ, ಆ ಬಟ್ಟಲನ್ನು ತಾನು ಚಕ್ರವರ್ತಿಗೆ ಕಾಣಿಕೆ ಕೊಟ್ಟಿದ್ದನ್ನೂ ಅಲ್ಲಿ ಹೇಳಿಕೊಂಡಿದ್ದಾನೆ. ಕಿರ್ಚರ್‌ಗೆ ಅದು ವಿಸ್ಮಯ. ಅದನ್ನು ಪ್ರಶ್ನೆ ಮಾಡಿಕೊಂಡವನು ಇಂಗ್ಲೆಂಡಿನಲ್ಲಿದ್ದ ರಾಬರ್ಟ್ ಬಾಯ್ಲ್.

ಶಾಲೆಯಲ್ಲಿ ಅನಿಲದ ನಿಯಮ ಓದುವಾಗ ಬರುವ ಬಾಯ್ಲ್ ಇವನೇ. ಬಣ್ಣಗಳ ಮೇಲಿನ ಅವನ ಪ್ರಯೋಗಗಳ ಪುಸ್ತಕ 1664ರಲ್ಲಿ ಬಂತು. ಹೂವಿನ ರಸ ಹುಳಿಗೆ ಕೆಂಪಾಗುವುದನ್ನೂ ಕ್ಷಾರಕ್ಕೆ ಹಸಿರಾಗುವುದನ್ನೂ ಆಮ್ಲ ಗುರುತಿಸುವ ಕ್ರಮವಾಗಿ ನಿಲ್ಲಿಸಿದ್ದು ಆ ಪುಸ್ತಕ. ಅದರಲ್ಲಿಯೇ ಈ ಮೆಕ್ಸಿಕೋ ಮರದ ನೀರೂ ಇದೆ. ಒಂದೇ ಚಕ್ಕೆಯನ್ನು ಮತ್ತೆ ಮತ್ತೆ ನೆನೆಸಿದರೆ ಕೊನೆಕೊನೆಗೆ ನೀಲಿ ಬರುವುದಿಲ್ಲ ಎಂದು ಅವನು ಕಂಡುಕೊಂಡ. ಹಾಗಾದರೆ ಬಣ್ಣ ಬೆಳಕಿನ ಆಟ ಮಾತ್ರವಲ್ಲ, ಮರದಲ್ಲಿರುವ ಯಾವುದೋ ವಸ್ತು ನೀರಿಗೆ ಇಳಿಯುತ್ತಿದೆ ಎಂದು ತರ್ಕಿಸಿದ. ಆಮೇಲೆ ಆ ನೀರಿಗೆ ಹುಳಿ ಹಾಕಿದ. ನೀಲಿ ಮಾಯವಾಯಿತು, ಹೊಂಬಣ್ಣ ಮಾತ್ರ ಉಳಿಯಿತು. ಕ್ಷಾರ ಹಾಕಿದ. ನೀಲಿ ಮರಳಿತು.

ಪ್ರತಿದೀಪ್ತಿಯಿಂದ ಆಮ್ಲೀಯತೆಯನ್ನು ಗುರುತಿಸಿದ ಮೊದಲ ಪ್ರಯೋಗ ಇದೇ ಎಂದು ಈ ವಿಷಯದ ಚರಿತ್ರೆ ಬರೆದವರು ಒಪ್ಪುತ್ತಾರೆ. ಆದರೂ ಅದು ಮುನ್ನೂರು ವರ್ಷ ಹಾಗೇ ಬಿದ್ದಿತ್ತು. ಬಾಯ್ಲ್‌ನ ಕಾಲಕ್ಕೆ ನೀಲಿ ಎಲ್ಲಿಂದ ಬರುತ್ತದೆ ಎಂದು ಹೇಳಬಲ್ಲ ಬೆಳಕಿನ ಸಿದ್ಧಾಂತ ಇರಲಿಲ್ಲ, ಹುಳಿ ಎಷ್ಟು ಎಂದು ಹೇಳುವ ಅಂಕಿ ಇರಲಿಲ್ಲ, ಆ ಅಂಕಿ ಬೇಕೆನ್ನುವ ಸೂಕ್ಷ್ಮ ಜಾಗವೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈ ಮೂರೂ ಬೇರೆ ಬೇರೆ ಕಡೆ, ಬೇರೆ ಬೇರೆ ಶತಮಾನಗಳಲ್ಲಿ ಕೂಡಿಬರಬೇಕಾಯಿತು.

ಆ ಮರ ಯಾವುದು ಎಂಬುದೇ ಒಂದು ಗೊಂದಲ. ಮೊನಾರ್ಡೆಸ್ ಹೇಳುವುದು ಪೊದೆಯಂಥ ಸಣ್ಣ ಮರ, ಕಿರ್ಚರ್ ಹೇಳುವುದು ಬಟ್ಟಲು ಕಡೆಯುವಷ್ಟು ದಪ್ಪನೆಯದು. 1915ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ವಿಲಿಯಂ ಸ್ಯಾಫರ್ಡ್ ಇದನ್ನು ಬಿಡಿಸಿದ: ಇವು ಎರಡು ಮರಗಳು. ಚಕ್ಕೆಯದು ಮೆಕ್ಸಿಕೋದ ಐಸೆನ್‌ಹಾರ್ಡ್ಟಿಯಾ. ಬಟ್ಟಲಿನದು ಫಿಲಿಪ್ಪೀನ್ಸ್‌ನಿಂದ ಸ್ಪೇನಿನ ಹಡಗುಗಳಲ್ಲಿ ಮೆಕ್ಸಿಕೋ ದಾರಿಯಾಗಿ ಯುರೋಪಿಗೆ ಹೋದ ಟೆರೊಕಾರ್ಪಸ್ ಇಂಡಿಕಸ್. ಈ ಎರಡನೆಯದು ನಮ್ಮ ಹೊನ್ನೆಯ ಒಡಹುಟ್ಟು. ಹೊನ್ನೆಯ ಸಸ್ಯಶಾಸ್ತ್ರೀಯ ಹೆಸರು ಟೆರೊಕಾರ್ಪಸ್ ಮಾರ್ಸುಪಿಯಂ. ಕಪಿಲೆ ಹರಿದು ಬರುವ ಹೆಗ್ಗಡದೇವನಕೋಟೆ, ನಾಗರಹೊಳೆ ಕಾಡುಗಳಲ್ಲಿ ಅದು ಬೆಳೆಯುತ್ತದೆ.

ಕಥೆಯ ಮುಂದಿನ ಭಾಗ ಪ್ಯಾರಿಸ್ಸಿನ ಔಷಧದಂಗಡಿಯದು. ಪಿಯರ್ ಜೋಸೆಫ್ ಪೆಲ್ಟಿಯೆ ಎಂಬ ಔಷಧ ತಯಾರಕ 1815ರಲ್ಲಿ ವೋಗೆಲ್ ಜೊತೆ ಸೇರಿ ಅರಿಶಿನದ ಹಳದಿಯನ್ನು ಬೇರ್ಪಡಿಸಿದ. ಅದೇ ಕರ್ಕ್ಯುಮಿನ್. ಎರಡೇ ವರ್ಷದಲ್ಲಿ ಕವೆಂಟು ಎಂಬ ಗೆಳೆಯನೊಡನೆ ಎಲೆಯ ಹಸಿರನ್ನು ಬೇರ್ಪಡಿಸಿ ಕ್ಲೋರೊಫಿಲ್ ಎಂದು ಕರೆದ. 1820ರಲ್ಲಿ ಇಬ್ಬರೂ ಸಿಂಕೋನಾ ತೊಗಟೆಯಿಂದ ಕ್ವಿನೈನ್ ತೆಗೆದರು. ಕ್ವಿನೈನ್ ಅವರಿಗೆ ಲೋಕಖ್ಯಾತಿ ತಂದಿತು. ಮೂರೂ ಪ್ರತಿದೀಪ್ತಿ ತೋರುವ ವಸ್ತುಗಳು ಎಂಬುದು ಅವರಿಗೆ ತಿಳಿದಿರಲಿಲ್ಲ. ಮುಂದಿನ ಮೂವತ್ತು ವರ್ಷ ಬ್ರಿಟನ್ನಿನ ಬೆಳಕಿನ ವಿಜ್ಞಾನಿಗಳು ತಲೆ ಕೆಡಿಸಿಕೊಂಡದ್ದು ಪೆಲ್ಟಿಯೆಯ ಈ ಮೂರು ವಸ್ತುಗಳ ಮೇಲೆಯೇ. ಎಲೆಯ ಹಸಿರು ಕರಗಿದ ಮದ್ಯಸಾರಕ್ಕೆ ಬಿಳಿ ಬೆಳಕು ಹಾಯಿಸಿದಾಗ ರಕ್ತಗೆಂಪು ಕಂಡದ್ದನ್ನು 1833ರಲ್ಲಿ ಡೇವಿಡ್ ಬ್ರೂಸ್ಟರ್ ವರದಿ ಮಾಡಿದ. ಕ್ವಿನೈನ್ ದ್ರಾವಣದ ಮೇಲ್ಮೈಯಲ್ಲಿ ತೇಲುವ ಆಕಾಶನೀಲಿಯನ್ನು 1845ರಲ್ಲಿ ಜಾನ್ ಹರ್ಷೆಲ್ ವಿವರಿಸಿದ. ಸೂರ್ಯನ ಬೆಳಕಿನ ಬಣ್ಣದ ಪಟ್ಟಿಯನ್ನು ಬಿಳಿ ಕಾಗದದ ಬದಲು ಅರಿಶಿನ ಹಚ್ಚಿದ ಕಾಗದದ ಮೇಲೆ ಬೀಳಿಸಿದರೆ ನೇರಳೆಯ ಆಚೆಗೂ ಪಟ್ಟಿ ಉದ್ದವಾಗುತ್ತದೆ ಎಂದು ಗಮನಿಸಿದವನೂ ಹರ್ಷೆಲ್ಲೇ.

ಅರಿಶಿನದ ಬಣ್ಣ ಬದಲಾಗುವುದನ್ನು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಕದಡಿ, ಕೆಂಪಾದ ಓಕುಳಿಯಲ್ಲಿ ಆರತಿ ಎತ್ತಿ ದೃಷ್ಟಿ ತೆಗೆಯುವುದು ಗುಂಡ್ಲುಪೇಟೆಯಿಂದ ತಲಕಾಡಿನವರೆಗೆ ಎಲ್ಲ ಮನೆಗಳ ರೂಢಿ. ಯುರೋಪಿನ ರಸಾಯನಶಾಲೆಗಳೂ ಅರಿಶಿನದ ಕಾಗದವನ್ನು ಕ್ಷಾರ ಗುರುತಿಸಲು ಇಟ್ಟುಕೊಂಡಿದ್ದವು. ಹರ್ಷೆಲ್ ಕೈಗೆ ಆ ಕಾಗದ ಸಿಕ್ಕಿದ್ದು ಹಾಗೆ. ಆದರೆ ಓಕುಳಿಯ ಕೆಂಪು ಕಣ್ಣಿಗೆ ಕಾಣುವ ಬಣ್ಣದ ಬದಲಾವಣೆ. ಹರ್ಷೆಲ್ ಕಂಡದ್ದು ಬೇರೆ, ಕಾಣದ ಬೆಳಕು ಅರಿಶಿನಕ್ಕೆ ತಾಗಿ ಕಾಣುವಂತಾದದ್ದು. ಅದು ಹಾಗೆಂದು ಅವನಿಗೆ ಹೊಳೆಯಲಿಲ್ಲ.

ಹೊಳೆದದ್ದು ಕೇಂಬ್ರಿಜ್‌ನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್‌ಗೆ. ಕತ್ತಲೆ ಕೋಣೆಯಲ್ಲಿ ಪಟ್ಟಕದಿಂದ ಸೂರ್ಯನ ಬೆಳಕನ್ನು ಬಿಡಿಸಿ, ಕ್ವಿನೈನ್ ತುಂಬಿದ ಕೊಳವೆಯನ್ನು ಕೆಂಪಿನಿಂದ ನೇರಳೆಯ ಕಡೆಗೆ ಮೆಲ್ಲಗೆ ಸರಿಸುತ್ತ ಹೋದ. ಕೆಂಪಿನಲ್ಲಿ ಏನೂ ಇಲ್ಲ, ಹಳದಿಯಲ್ಲಿ ಇಲ್ಲ, ಹಸಿರಿನಲ್ಲಿ ಇಲ್ಲ. ಕಣ್ಣಿಗೆ ಬೆಳಕೇ ಇಲ್ಲದ, ನೇರಳೆಯ ಆಚೆಯ ಕತ್ತಲಲ್ಲಿ ಕೊಳವೆ ನೀಲಿಯಾಗಿ ಬೆಳಗಿತು. ಒಳಗೆ ಹೋಗುವ ಬೆಳಕೇ ಬೇರೆ, ಹೊರಗೆ ಬರುವ ಬೆಳಕೇ ಬೇರೆ ಎಂದು 1852ರಲ್ಲಿ ನೂರು ಪುಟದ ಪ್ರಬಂಧದಲ್ಲಿ ಅವನು ಸಾಧಿಸಿ ತೋರಿಸಿದ. ಬಾಯ್ಲ್‌ನ ಕಾಲಕ್ಕೆ ಇಲ್ಲದಿದ್ದ ಮೂರರಲ್ಲಿ ಒಂದು ಇದರಿಂದ ಒದಗಿತು. ಅದಾದ ಹತ್ತು ವರ್ಷದೊಳಗೆ ಸಿಂಕೋನಾ ಗಿಡಗಳು ನಮ್ಮ ನೆತ್ತಿಯ ಮೇಲಿನ ನೀಲಗಿರಿಗೆ ಬಂದವು. ದೊಡ್ಡಬೆಟ್ಟದಲ್ಲಿ, ನಡುವಟ್ಟದಲ್ಲಿ ಸರ್ಕಾರಿ ತೋಟಗಳೆದ್ದವು. ಮಲೇರಿಯಾ ಕಾಡುತ್ತಿದ್ದ ತಗ್ಗಿನ ಊರುಗಳಿಗೆ ಕ್ವಿನೈನ್ ಕಹಿಯಾಗಿಯೇ ಪರಿಚಯ, ನೀಲಿಯಾಗಿ ಅಲ್ಲ.

ಎರಡನೆಯದು ಅಂಕಿ. 1909ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಸೋರೆನ್ಸನ್ ಎಂಬಾತ ಪಿಎಚ್ ಅಳತೆ ತಂದ. ಏಳು ಎಂದರೆ ತಟಸ್ಥ, ಕೆಳಗಿಳಿದಷ್ಟೂ ಹುಳಿ, ಒಂದೊಂದು ಮೆಟ್ಟಿಲಿಗೆ ಹತ್ತು ಪಟ್ಟು ವ್ಯತ್ಯಾಸ. ಮೂರನೆಯದು ಜಾಗ. ಅದಕ್ಕೆ ದಾರಿ ತೋರಿಸಿದವನು ರಷ್ಯಾದ ಮೆಚ್ನಿಕಾಫ್. ಏಕಕೋಶ ಜೀವಿಗಳಿಗೆ ನೀಲಿ ಲಿಟ್ಮಸ್ ಕಣ ಉಣಿಸಿ, ಅವು ನುಂಗಿದ ಮೇಲೆ ಕಣ ಕೆಂಪಾಗುವುದನ್ನು ಅವನು ಸೂಕ್ಷ್ಮದರ್ಶಕದಲ್ಲಿ ಕಂಡ. ಲಿಟ್ಮಸ್ ಕೂಡ ನಿಸರ್ಗದ್ದೇ, ಬಂಡೆಯ ಮೇಲಿನ ಕಲ್ಲುಹೂವಿನಿಂದ ಬಂದದ್ದು. ಜೀವಕೋಶ ತಾನು ನುಂಗಿದ್ದನ್ನು ಹುಳಿಯಲ್ಲಿ ಇಟ್ಟು ಅರಗಿಸುತ್ತದೆ ಎಂಬುದು ಇದರಿಂದ ಗೊತ್ತಾಯಿತು. ಆ ಹುಳಿಯ ಚೀಲಕ್ಕೆ 1955ರಲ್ಲಿ ಕ್ರಿಶ್ಚಿಯನ್ ದ ಡ್ಯೂವ್ ಲೈಸೊಸೋಮ್ ಎಂದು ಹೆಸರಿಟ್ಟ. ಆದರೆ ಎಷ್ಟು ಹುಳಿ? ಲಿಟ್ಮಸ್ ಅದನ್ನು ಹೇಳದು.

ಇಲ್ಲಿಗೆ ಬಂದಾಗ ಅರಿಶಿನವೇ ಏಕೆ ಬಳಕೆಗೆ ಬರಲಿಲ್ಲ ಎಂದು ನಮ್ಮ ಕಡೆಯವರಿಗೆ ಅನಿಸಬಹುದು. ಕರ್ಕ್ಯುಮಿನ್ ಹೊಳೆಯುತ್ತದೆ, ಕ್ಷಾರಕ್ಕೆ ಬಣ್ಣ ಬದಲಿಸುತ್ತದೆ, ಬೇಕಾದಷ್ಟು ಸಿಗುತ್ತದೆ. ತೊಂದರೆ ಬೇರೆ ಕಡೆ ಇದೆ. ಜೀವಕೋಶದ ಒಳಗಿನ ರಸದ ಪಿಎಚ್ ಸುಮಾರು 7.2. ಅದೇ ಪಿಎಚ್‌ನಲ್ಲಿ, ಮೈ ಶಾಖದಷ್ಟೇ ಬಿಸಿಯಲ್ಲಿ, ಬರೀ ಲವಣದ ದ್ರಾವಣದಲ್ಲಿ ಇಟ್ಟರೆ ಕರ್ಕ್ಯುಮಿನ್ ಅರ್ಧ ಗಂಟೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ಒಡೆದುಹೋಗುತ್ತದೆ ಎಂದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಜೊತೆಗೆ ಅದು ಸಿಕ್ಕಸಿಕ್ಕ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಅಂಟಿದಾಗ ಹೊಳಪು ಬದಲಾಗುತ್ತದೆ. ಅರಿಶಿನದ ಔಷಧ ಗುಣದ ಬಗ್ಗೆ ಪ್ರಯೋಗಶಾಲೆಗಳಿಂದ ಬಂದ ಎಷ್ಟೋ ಒಳ್ಳೆಯ ಸುದ್ದಿಗಳು ಈ ಹೊಳಪಿನ ಮತ್ತು ಅಂಟಿನ ಮೋಸವಿರಬಹುದು ಎಂದು 2017ರಲ್ಲಿ ಅಮೆರಿಕದ ಔಷಧ ರಸಾಯನಜ್ಞರ ತಂಡವೊಂದು ಎಚ್ಚರಿಸಿತು. ಅದಕ್ಕೆ ಪ್ರತಿವಾದಗಳೂ ಬಂದವು. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಅರಿಶಿನದ ಬಣ್ಣ, ಗುಣಮಟ್ಟದ ಮೇಲೆ ದಶಕಗಳ ಕಾಲ ಗಟ್ಟಿ ಕೆಲಸ ನಡೆದಿದೆ, ಅದು ಆಹಾರದ ಬಣ್ಣಕ್ಕೆ ಸಂಬಂಧಿಸಿದ್ದು. ಜೀವಕೋಶದ ಹುಳಿ ಅಳೆಯುವ ಕೆಲಸಕ್ಕೆ ಅರಿಶಿನ ಒಗ್ಗಲಿಲ್ಲ. ಸಸ್ಯದಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ಅದು ಜೀವಕೋಶಕ್ಕೆ ಹೊಂದಬೇಕೆಂದಿಲ್ಲ.

ಒಗ್ಗಿದ್ದು ಕೈಯಿಂದ ಮಾಡಿದ ಬಣ್ಣ. 1871ರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ಫ್ಲೋರೆಸೀನ್ ತಯಾರಿಸಿದ. ಅದಕ್ಕೆ ಬೇಕಾದ ರಿಸಾರ್ಸಿನಾಲ್ ಎಂಬ ವಸ್ತು ಏಳು ವರ್ಷದ ಹಿಂದೆ ಮೊದಲಿಗೆ ಸಿಕ್ಕಿದ್ದು ಹಿಂಗಿನ ಜಾತಿಯ ಗಿಡದ ಅಂಟಿನಲ್ಲಿ. ಹಿಂಗನ್ನು ಕಾಯಿಸಿ ಇಳಿಸಿದರೆ ಸಿಗುವ ಅಂಬೆಲಿಫೆರೋನ್ ಎಂಬ ಇನ್ನೊಂದು ವಸ್ತುವೂ ಕ್ಷಾರದಲ್ಲಿ ನೀಲಿಯಾಗಿ ಹೊಳೆಯುತ್ತದೆ, ಅದರ ಸಂತತಿಯ ಬಣ್ಣಗಳು ಈಗಲೂ ಪ್ರಯೋಗಶಾಲೆಗಳಲ್ಲಿವೆ. ಫ್ಲೋರೆಸೀನ್ ಮಾತ್ರ ಎಲ್ಲವನ್ನೂ ಮೀರಿಸಿತು. ಹುಳಿಯಲ್ಲಿ ಮಂಕಾಗುತ್ತದೆ, ಕ್ಷಾರದ ಕಡೆ ಸರಿದರೆ ಹಸಿರಾಗಿ ಉರಿಯುತ್ತದೆ. 1877ರಲ್ಲಿ ಜರ್ಮನಿಯಲ್ಲಿ ಡಾನ್ಯೂಬ್ ನದಿಯ ನೀರು ನೆಲದೊಳಗೆ ಇಂಗುವ ಜಾಗದಲ್ಲಿ ಅದನ್ನು ಹತ್ತು ಕಿಲೋದಷ್ಟು ಸುರಿದಿದ್ದರು. ಎರಡು ದಿನ ಕಳೆದ ಮೇಲೆ ಬೇರೆ ಕಣಿವೆಯ ಒರತೆ ಹಸಿರಾಗಿ ಉಕ್ಕಿತು.

ಜೀವಕೋಶದೊಳಗೆ ಅದನ್ನು ಕಳಿಸಿದ್ದು ಬಹಳ ತಡವಾಗಿ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಶೋಜಿ ಒಕುಮಾ ಮತ್ತು ಬ್ರಯನ್ ಪೂಲ್ 1978ರಲ್ಲಿ ಫ್ಲೋರೆಸೀನನ್ನು ಡೆಕ್ಸ್‌ಟ್ರಾನ್ ಎಂಬ ಉದ್ದನೆಯ ಸಕ್ಕರೆ ಸರಪಳಿಗೆ ಪೋಣಿಸಿ ಇಲಿಯ ಭಕ್ಷಕ ಕೋಶಗಳಿಗೆ ಉಣಿಸಿದರು. ಕೋಶ ಅದನ್ನು ನುಂಗಿ ಲೈಸೊಸೋಮಿಗೆ ಸೇರಿಸಿತು. ಬರೀ ಹೊಳಪು ನೋಡಿದರೆ ಬಣ್ಣ ಕಡಿಮೆ ಇದೆಯೋ ಹುಳಿ ಹೆಚ್ಚಿದೆಯೋ ತಿಳಿಯುವುದಿಲ್ಲ. ಅದಕ್ಕೆ ಅವರು ಎರಡು ಬೇರೆ ತರಂಗದ ಬೆಳಕು ಹಾಯಿಸಿ ಎರಡೂ ಹೊಳಪುಗಳ ಅನುಪಾತ ತೆಗೆದುಕೊಂಡರು. ಹುಳಿ ಬದಲಾದರೆ ಅನುಪಾತ ಬದಲಾಗುತ್ತದೆ, ಬಣ್ಣ ಎಷ್ಟಿದ್ದರೂ ಸರಿ. ಉತ್ತರ 4.7ರಿಂದ 4.8. ಕೋಶದ ಉಳಿದ ರಸಕ್ಕಿಂತ ನೂರು ಪಟ್ಟಿಗೂ ಮೀರಿದ ಹುಳಿ. ಬಾಯ್ಲ್ ಕೈಬಿಟ್ಟಿದ್ದ ಎಳೆ ಮತ್ತೆ ಸಿಕ್ಕಿದ್ದು ಇಲ್ಲಿ, 314 ವರ್ಷ ತಡವಾಗಿ.

ಅದೇ ಪ್ರಬಂಧದಲ್ಲಿ ಇನ್ನೊಂದು ಸಂಗತಿ ಇತ್ತು. ಕ್ಲೋರೋಕ್ವಿನ್ ಹಾಕಿದರೆ ಲೈಸೊಸೋಮಿನ ಹುಳಿ ಇಳಿಯುತ್ತದೆ. ಕ್ಲೋರೋಕ್ವಿನ್ ಎಂದರೆ ಕ್ವಿನೈನ್ ಕೊರತೆಯಾದಾಗ ಅದರ ಬದಲಿಗೆ ಹುಡುಕಿದ ಮಲೇರಿಯಾ ಮದ್ದು. ಹುಳಿಯ ಚೀಲದೊಳಗೆ ಹೊಕ್ಕು ಅಲ್ಲೇ ಸಿಕ್ಕಿಕೊಂಡು ಹುಳಿಯನ್ನು ಹೀರುವುದು ಅದರ ಸ್ವಭಾವ. ಈ ಸಂಗತಿ ನಲವತ್ತೆರಡು ವರ್ಷ ಕಳೆದು ನಂಜನಗೂಡಿನ ಬಾಗಿಲಿಗೂ ಬಂತು.

ಕೋಶದ ಮುಖ್ಯ ರಸದ ಪಿಎಚ್ ಅಳೆಯಲು ಬೇರೆ ಉಪಾಯ ಬೇಕಿತ್ತು, ನುಂಗಿಸಿದ್ದು ಅಲ್ಲಿಗೆ ಹೋಗುವುದಿಲ್ಲ. ಬಣ್ಣದ ಅಣುವಿಗೆ ಮುಸುಕು ತೊಡಿಸಿ ಕೋಶದ ಪೊರೆ ದಾಟಿಸುವುದು, ಒಳಗಿನ ಕಿಣ್ವಗಳು ಮುಸುಕು ಕತ್ತರಿಸಿದ ಮೇಲೆ ಅದು ಹೊರಬರಲಾರದೆ ಉಳಿಯುವುದು, ಹೀಗೊಂದು ತಂತ್ರವನ್ನು 1979ರಲ್ಲಿ ಕೆಲವರು ಫ್ಲೋರೆಸೀನ್ ಜಾತಿಯ ಬಣ್ಣದ ಮೇಲೆ ಹೂಡಿದರು. ಬಣ್ಣ ಸೋರಿಹೋಗುತ್ತಿತ್ತು. 1982ರಲ್ಲಿ ಕೇಂಬ್ರಿಜ್‌ನಲ್ಲಿ ರಿಂಕ್, ಪೊಜ್ಜಾನ್ ಜೊತೆಗೆ ರೋಜರ್ ಚೆನ್ ಎಂಬ ತರುಣ ಬಿಸಿಇಸಿಎಫ್ ಎಂಬ ಬಣ್ಣ ಮಾಡಿ ಸೋರಿಕೆಯನ್ನು ತಡೆದ. ಮುಂದೆ ಇದೇ ಚೆನ್ ಲೋಳೆಮೀನಿನ ಹಸಿರು ಪ್ರೋಟೀನನ್ನು ನಾನಾ ಬಣ್ಣಕ್ಕೆ ತಿರುಗಿಸಿ 2008ರ ನೊಬೆಲ್ ಹಂಚಿಕೊಂಡ. ಆ ಪ್ರೋಟೀನನ್ನು ಹುಳಿಗೆ ಸ್ಪಂದಿಸುವಂತೆ ತಿದ್ದಿ 1998ರಲ್ಲಿ ಮೀಸೆನ್‌ಬಾಕ್ ಮತ್ತು ಸಂಗಡಿಗರು ಪಿಎಚ್‌ಲೋರಿನ್ ಮಾಡಿದ್ದರು. ಕಡಲಿನ ಜೀವಿಯ ವಸ್ತು ನೇರವಾಗಿ ಕೋಶದ ಹುಳಿ ಅಳೆಯುವ ಸಾಧನವಾದದ್ದು ಆಗ.

ಬೆಂಗಳೂರಿಗೂ ಪ್ರತಿದೀಪ್ತಿಗೂ ಒಂದು ಹಳೆಯ ನೆಂಟಸ್ತನವಿದೆ. ಕಲ್ಕತ್ತೆಯ ಪ್ರಯೋಗಾಲಯದಲ್ಲಿ ದ್ರವಗಳಿಂದ ಹೊರಡುತ್ತಿದ್ದ ಮಂದ ಬೆಳಕನ್ನು ಸಿ. ವಿ. ರಾಮನ್ ತಂಡ ಕೆಲವು ವರ್ಷ ದುರ್ಬಲ ಪ್ರತಿದೀಪ್ತಿ ಎಂದೇ ಕರೆದಿತ್ತು. ಅದು ಪ್ರತಿದೀಪ್ತಿಯಲ್ಲ, ಹೊಸ ಬಗೆಯ ವಿಕಿರಣ ಎಂದು ವಿಜ್ಞಾನಿಗಳ ಸಭೆಗೆ ವಿವರವಾಗಿ ರಾಮನ್ ಹೇಳಿದ್ದು 1928ರ ಮಾರ್ಚ್ 16ರಂದು, ಬೆಂಗಳೂರಿನಲ್ಲಿ.

ಅದಾಗಿ ಎಂಬತ್ತು ವರ್ಷಕ್ಕೆ, ಹೆಬ್ಬಾಳದ ಆಚೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ನಮ್ಮ ಕಥೆಯ ದೊಡ್ಡ ತಿರುವು. ಒಬೈದ್ ಸಿದ್ದಿಕಿ ಕಟ್ಟಿದ ಈ ಕೇಂದ್ರದಲ್ಲಿ ಸತ್ಯಜಿತ್ ಮೇಯರ್ ಜೀವಕೋಶ ಹೊರಗಿನ ವಸ್ತುವನ್ನು ಒಳಗೆಳೆದುಕೊಳ್ಳುವ ಬಗೆಯನ್ನು ಅಭ್ಯಾಸ ಮಾಡುತ್ತಿದ್ದರು. ಒಳಗೆಳೆದ ವಸ್ತು ಮೊದಲು ಎಂಡೊಸೋಮ್ ಎಂಬ ಚೀಲಕ್ಕೆ ಬರುತ್ತದೆ. ಹೋಗುತ್ತ ಹೋಗುತ್ತ ಚೀಲದ ಹುಳಿ ಏರುತ್ತದೆ, ಪಿಎಚ್ ಆರರಿಂದ ಐದಕ್ಕೆ, ಅಲ್ಲಿಂದ ಕೆಳಕ್ಕೆ. ಎಲ್ಲಿ ಎಷ್ಟು ಹುಳಿ ಇದೆಯೆನ್ನುವುದರ ಮೇಲೆ ಸರಕು ಎಲ್ಲಿ ಇಳಿಯಬೇಕೆಂಬುದು ನಿಂತಿದೆ.

2005ರಲ್ಲಿ ಯಮುನಾ ಕೃಷ್ಣನ್ ಅಲ್ಲಿಗೆ ಬಂದರು. ಕೇರಳದಲ್ಲಿ ಹುಟ್ಟಿ, ಚೆನ್ನೈಯಲ್ಲಿ ಪದವಿ ಮಾಡಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಪಡೆದವರು. ಆಮೇಲೆ ಕೇಂಬ್ರಿಜ್‌ನಲ್ಲಿ ಶಂಕರ್ ಬಾಲಸುಬ್ರಮಣಿಯನ್ ಬಳಿ ಕೆಲಸ ಮಾಡಿದ್ದರು. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಸೈಟೊಸಿನ್ ಸಾಲಾಗಿ ಬಂದರೆ, ಹುಳಿಯಲ್ಲಿ ಪ್ರೋಟಾನುಗಳನ್ನು ಹಿಡಿದುಕೊಂಡು ತಮ್ಮ ತಮ್ಮಲ್ಲೇ ಜೋಡಿಯಾಗಿ ಬಿಗಿದ ಗಂಟಾಗುತ್ತವೆ. ಐ-ಮೋಟಿಫ್ ಎಂಬ ಈ ಗಂಟನ್ನು ಫ್ರಾನ್ಸಿನ ವಿಜ್ಞಾನಿಗಳು 1993ರಲ್ಲಿ ಕಂಡಿದ್ದರು. ಹುಳಿ ಏರಿಸಿ ಇಳಿಸಿದರೆ ಗಂಟು ಬಿಗಿದು ಬಿಚ್ಚುವುದನ್ನು 2003ರಲ್ಲಿ ಬಾಲಸುಬ್ರಮಣಿಯನ್ ಪ್ರಯೋಗಾಲಯ ಕೊಳವೆಯಲ್ಲಿ ತೋರಿಸಿತ್ತು. ಕೊಳವೆಯಲ್ಲಿ ನಡೆಯುವುದು ಬದುಕಿರುವ ಕೋಶದಲ್ಲಿ ನಡೆಯುತ್ತದೆಯೇ? ಡಿಎನ್‌ಎ ಯಂತ್ರಗಳೆಂದರೆ ಅಲ್ಲಿಯವರೆಗೆ ಚಂದದ ಆಟಿಕೆಗಳು, ಅವುಗಳಿಂದ ಕೆಲಸ ತೆಗೆದವರು ಕಡಿಮೆ.

ಕೃಷ್ಣನ್ ಮತ್ತು ಅವರ ವಿದ್ಯಾರ್ಥಿ ಸೌವಿಕ್ ಮೋದಿ ಕಟ್ಟಿದ ಸಾಧನ ಅಡಕತ್ತರಿಯ ಹಾಗೆ. ಮೂರು ಡಿಎನ್‌ಎ ಎಳೆಗಳಿಂದ ಎರಡು ತೋಳು, ನಡುವೆ ಒಂದು ಕೀಲು, ತೋಳುಗಳ ತುದಿಯಲ್ಲಿ ಸೈಟೊಸಿನ್ ಸಾಲು. ತಟಸ್ಥ ದ್ರವದಲ್ಲಿ ತೋಳುಗಳು ಚಾಚಿಕೊಂಡಿರುತ್ತವೆ. ಹುಳಿ ತಾಗಿದರೆ ತುದಿಗಳು ಗಂಟು ಹಾಕಿಕೊಂಡು ತೋಳು ಮುಚ್ಚುತ್ತವೆ. ಒಂದು ತೋಳಿಗೆ ಹಸಿರು ಬಣ್ಣ, ಇನ್ನೊಂದಕ್ಕೆ ಕೆಂಪು. ಎರಡೂ ಹತ್ತಿರ ಬಂದಾಗ ಹಸಿರಿನ ಶಕ್ತಿ ಕೆಂಪಿಗೆ ದಾಟಿ, ಹಸಿರು ಕುಂದಿ ಕೆಂಪು ಏರುತ್ತದೆ. ಒಕುಮಾ, ಪೂಲ್ ಮಾಡಿದಂತೆ ಇಲ್ಲೂ ಅನುಪಾತವೇ ಅಳತೆ. ಬಣ್ಣಗಳು ಅಂಗಡಿಯಿಂದ ತಂದ ಕೃತಕ ಬಣ್ಣಗಳು, ಹುಳಿಯನ್ನು ಅರಿಯುವ ಭಾಗ ಮಾತ್ರ ಜೀವದ್ದೇ ವಸ್ತು. ಹೊನ್ನೆಯಲ್ಲಿ, ಫ್ಲೋರೆಸೀನಿನಲ್ಲಿ ಹೊಳೆಯುವುದೂ ಹುಳಿ ಗುರುತಿಸುವುದೂ ಒಂದೇ ಅಣುವಿನ ಹೊಣೆಯಾಗಿತ್ತು. ಇಲ್ಲಿ ಎರಡು ಕೆಲಸ ಬೇರೆಯಾದವು. ಈ ಪ್ರತ್ಯೇಕತೆಯೇ ಬೆಂಗಳೂರಿನ ಕೆಲಸದ ತಿರುಳು ಎಂದು ನನ್ನ ಎಣಿಕೆ. ಡಿಎನ್‌ಎಗೆ ಇನ್ನೊಂದು ಎಳೆ ಕಟ್ಟಿದರೆ ಯಾವ ಚೀಲಕ್ಕೆ ಹೋಗಬೇಕೆಂಬ ವಿಳಾಸವನ್ನೂ ಬರೆಯಬಹುದು. ಬಾಯ್ಲ್‌ನ ನೀರಿಗೆ ಇದು ಸಾಧ್ಯವಿರಲಿಲ್ಲ, ಚೆನ್‌ನ ಬಣ್ಣಕ್ಕೂ ಕಷ್ಟವಿತ್ತು.

ಮೇಯರ್ ತಂಡ ಬೆಳೆಸುತ್ತಿದ್ದ ಹಣ್ಣುನೊಣದ ರಕ್ತಕೋಶಗಳಿಗೆ ಇದನ್ನು ಉಣಿಸಿದರು. ಪಿಎಚ್ 5.5ರಿಂದ 6.8ರ ನಡುವೆ, ಅಂದರೆ ಎಂಡೊಸೋಮ್ ಹುಳಿಯೇರುವ ಹಾದಿಯಲ್ಲೇ, ಸಾಧನ ನೆಚ್ಚುವಂತೆ ಕೆಲಸ ಮಾಡಿತು. ಐ-ಸ್ವಿಚ್ ಎಂಬ ಹೆಸರಿನಲ್ಲಿ ಪ್ರಬಂಧ 2009ರಲ್ಲಿ ನೇಚರ್ ನ್ಯಾನೊಟೆಕ್ನಾಲಜಿಯಲ್ಲಿ ಬಂತು. ಕೃಷ್ಣನ್, ಮೋದಿ, ಮೇಯರ್ ಜೊತೆ ಇನ್ನೂ ಮೂವರ ಹೆಸರು ಅದರಲ್ಲಿದೆ. ಅದೇ 2009ರಲ್ಲಿ ಸ್ಪೇನಿನ ರಸಾಯನಜ್ಞರು ಮೊನಾರ್ಡೆಸ್ ಕಂಡ ನೀಲಿಯ ಗುಟ್ಟನ್ನೂ ಒಡೆದರು. ಮರದಲ್ಲಿರುವ ಬಣ್ಣವಿಲ್ಲದ ವಸ್ತುವೊಂದು ನೀರಿನಲ್ಲಿ ಗಾಳಿಯ ಆಮ್ಲಜನಕದೊಡನೆ ಸೇರಿ ಮ್ಯಾಟ್ಲಲೀನ್ ಆಗುತ್ತದೆ, ಹೊಳೆಯುವುದು ಅದು. ನಾಲ್ಕೂವರೆ ಶತಮಾನದ ಎರಡು ಕೊನೆಗಳು ಒಂದೇ ವರ್ಷದಲ್ಲಿ ಬೆಸೆದದ್ದು ಕಾಕತಾಳೀಯ, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿದಿತ್ತೆಂದಲ್ಲ.

ಆಮೇಲಿನದು ವೇಗವಾಗಿ ನಡೆಯಿತು. 2011ರಲ್ಲಿ ಸುನೈನಾ ಸುರಾನಾ, ಸಂಧ್ಯಾ ಕೌಶಿಕ ಮೊದಲಾದವರ ಜೊತೆ ಕೃಷ್ಣನ್ ಇದನ್ನು ಒಂದು ಮಿಲಿಮೀಟರ್ ಉದ್ದದ ಹುಳುವಿನ ಮೈಯೊಳಗೆ ಓಡಿಸಿದರು. ಇಡೀ ಪ್ರಾಣಿಯಲ್ಲಿ ಡಿಎನ್‌ಎ ಸಾಧನದಿಂದ ಪಿಎಚ್ ಅಳೆಯುವುದು ಅದರಿಂದ ಸಾಧ್ಯವಾಯಿತು. 2013ರಲ್ಲಿ ಒಂದೇ ಕೋಶದಲ್ಲಿ ಎರಡು ಸಾಧನಗಳನ್ನು ಎರಡು ಬೇರೆ ಹಾದಿಗಳಲ್ಲಿ ಕಳಿಸಿ ಎರಡರ ಹುಳಿಯನ್ನೂ ಒಟ್ಟಿಗೆ ಓದಿದರು. ಅದೇ ವರ್ಷ ಕೃಷ್ಣನ್‌ಗೆ ಭಟ್ನಾಗರ್ ಪ್ರಶಸ್ತಿ ಬಂತು. ಮರುವರ್ಷ ಅವರು ಶಿಕಾಗೊ ವಿಶ್ವವಿದ್ಯಾಲಯಕ್ಕೆ ಹೋದರು. ಪ್ರತಿಭೆ ಹೊರಹೋಯಿತು ಎಂದು ಹಲುಬುವುದು ಸುಲಭ, ಆದರೆ ಐ-ಸ್ವಿಚ್ ಹುಟ್ಟಿ ಕೋಶ ದಾಟಿ ಪ್ರಾಣಿಯ ಮೈ ಸೇರುವವರೆಗಿನ ಕೆಲಸವೆಲ್ಲ ನಡೆದದ್ದು ಇಲ್ಲಿಯೇ. ಶಿಕಾಗೊದಲ್ಲಿ ಅವರ ತಂಡ 2019ರಲ್ಲಿ ಒಂದೇ ಲೈಸೊಸೋಮಿನಲ್ಲಿ ಹುಳಿಯನ್ನೂ ಕ್ಲೋರೈಡನ್ನೂ ಒಟ್ಟಿಗೆ ಅಳೆದು, ಲೈಸೊಸೋಮ್ ಕೆಟ್ಟು ಬರುವ ಆನುವಂಶಿಕ ಕಾಯಿಲೆಗಳ ಕೋಶಗಳನ್ನು ಆ ಅಳತೆಯಿಂದ ಗುರುತಿಸಿತು.

ಸಾಧನದ ಮೂಲವಾದ ಐ-ಮೋಟಿಫ್ ನಮ್ಮ ವಂಶವಾಹಿಗಳಲ್ಲಿ ಸಹಜವಾಗಿ ಇದೆಯೇ ಎಂಬ ವಾದ ಇನ್ನೂ ಮುಗಿದಿಲ್ಲ. ಕೋಶಕೇಂದ್ರ ಹುಳಿಯಾಗಿಲ್ಲ, ಆದ್ದರಿಂದ ಅಲ್ಲಿ ಅದು ನಿಲ್ಲದು ಎಂದು ಬಹುಕಾಲ ಹೇಳುತ್ತಿದ್ದರು. 2018ರಲ್ಲಿ ಸಿಡ್ನಿಯ ತಂಡವೊಂದು ಅದಕ್ಕೆಂದೇ ಮಾಡಿದ ಪ್ರತಿಕಾಯದಿಂದ ಮನುಷ್ಯನ ಕೋಶದಲ್ಲಿ ಅದನ್ನು ತೋರಿಸಿತು. ಆ ಪ್ರತಿಕಾಯ ಹಿಡಿಯುವುದು ಗಂಟನ್ನೋ ಬಿಚ್ಚಿದ ಸೈಟೊಸಿನ್ ಸಾಲನ್ನೋ ಎಂಬ ತಕರಾರು ಈಚೆಗೆ ಎದ್ದಿದೆ. ಐ-ಸ್ವಿಚ್ ಕೆಲಸಕ್ಕೆ ಇದರಿಂದ ತೊಡಕಿಲ್ಲ. ಅದು ಇಳಿಯುವುದು ಹುಳಿಯ ಚೀಲಗಳಿಗೆ.

ಇನ್ನು ನಂಜನಗೂಡಿನ ಮಾತು. 2020ರ ಮಾರ್ಚ್ ಕೊನೆಯ ವಾರ ಇಲ್ಲಿನ ಔಷಧ ಕಾರ್ಖಾನೆಯೊಂದರ ನೌಕರರೊಬ್ಬರಲ್ಲಿ ಕೊರೊನಾ ಪತ್ತೆಯಾಯಿತು. ದಿನಗಳಲ್ಲಿ ಸಂಖ್ಯೆ ಹತ್ತಾರಾಗಿ, ನಂಜನಗೂಡು ರಾಜ್ಯದ ಸುದ್ದಿಯಾಯಿತು, ರಸ್ತೆಗಳಿಗೆ ಬೇಲಿ ಬಿತ್ತು. ಅದೇ ತಿಂಗಳು ಐಸಿಎಂಆರ್ ರಚಿಸಿದ ಕಾರ್ಯಪಡೆ ಕೊರೊನಾ ರೋಗಿಗಳ ಆರೈಕೆ ಮಾಡುವ ಆರೋಗ್ಯ ಕಾರ್ಯಕರ್ತರಿಗೆ ಕ್ಲೋರೋಕ್ವಿನ್ ಜಾತಿಯದೇ ಆದ ಹೈಡ್ರಾಕ್ಸಿಕ್ಲೋರೋಕ್ವಿನ್ ಶಿಫಾರಸು ಮಾಡಿತ್ತು. ಮಾತ್ರೆಗೆ ಎಲ್ಲೆಲ್ಲೂ ಬೇಡಿಕೆ. ಅದರ ಹಿಂದಿನ ತರ್ಕದ ಒಂದು ಎಳೆ 1978ರ ಪ್ರಬಂಧದ್ದು: ಹಲವು ವೈರಸ್ಸುಗಳು ಎಂಡೊಸೋಮಿನ ಹುಳಿಯನ್ನು ಬಳಸಿ ಕೋಶದೊಳಗೆ ನುಸುಳುತ್ತವೆ, ಕ್ಲೋರೋಕ್ವಿನ್ ಹುಳಿ ಇಳಿಸುತ್ತದೆ, ಆದ್ದರಿಂದ ವೈರಸ್ಸಿಗೆ ದಾರಿ ಕಟ್ಟಾಗುತ್ತದೆ. ಪ್ರಯೋಗಶಾಲೆಯಲ್ಲಿ ಮಂಗದ ಮೂತ್ರಪಿಂಡದ ಕೋಶಗಳಲ್ಲಿ ಅದು ಹಾಗೆಯೇ ಆಯಿತು. ಜೂನ್ 5ರಂದು ಬ್ರಿಟನ್ನಿನ ರಿಕವರಿ ಎಂಬ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಆಸ್ಪತ್ರೆಗೆ ಸೇರಿದ ರೋಗಿಗಳಿಗೆ ಮಾತ್ರೆಯಿಂದ ಪ್ರಯೋಜನ ಕಾಣಲಿಲ್ಲ. ಜುಲೈನಲ್ಲಿ ಜರ್ಮನಿಯ ವಿಜ್ಞಾನಿಗಳು ಕಾರಣವನ್ನೂ ತೋರಿಸಿದರು. ಮನುಷ್ಯನ ಶ್ವಾಸಕೋಶದ ಕೋಶಗಳಲ್ಲಿ ಈ ವೈರಸ್ಸಿಗೆ ಹುಳಿಯ ಚೀಲದ ದಾರಿ ಬೇಕಿರಲಿಲ್ಲ. ಕೋಶದ ಮೇಲ್ಮೈಯಲ್ಲಿರುವ ಕಿಣ್ವವೊಂದರ ನೆರವಿನಿಂದ ಹೊರಗಿನಿಂದಲೇ ನುಗ್ಗುತ್ತದೆ. ಹುಳಿಯ ಲೆಕ್ಕ ತಪ್ಪಿರಲಿಲ್ಲ, ಅಳೆದ ಕೋಶ ಬೇರೆಯಾಗಿತ್ತು. ಶ್ವಾಸಕೋಶದ ಕೋಶದಲ್ಲಿ ಒಮ್ಮೆ ಪರೀಕ್ಷಿಸಿ ನೋಡಿದ ಮೇಲೆ ಮಾತ್ರೆ ಹಂಚಬೇಕಿತ್ತು.